ಮನೆ ಎಲಿವೇಶನ್‌ಗೆ, ಗಾರ್ಡನ್‌ಗೆ ಯಾವ ಸ್ಪಾಟ್‌ಲೈಟ್? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಒಂದು ಹೋಲಿಕೆ

ಹುಬ್ಬಳ್ಳಿಯ ಯಾವ ಇಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಮನೆ ಮುಂದೆ ಹಾಕಲು ಫೋಕಸ್ ಲೈಟ್ ಕೇಳಿದರೂ ಬರುವ ಮೊದಲ ಪ್ರಶ್ನೆ ಒಂದೇ: "ಎಷ್ಟ್ ವ್ಯಾಟ್ ಬೇಕ್ರಿ?" ಅದಕ್ಕೆ ತಟ್ಟನೆ ಉತ್ತರ ಕೊಡಬೇಡಿ. ಹೊರಗಿನ ಲೈಟಿಗೆ ವ್ಯಾಟ್ ಕೊನೆಗೆ ನೋಡುವ ಲೆಕ್ಕ. ಬೆಳಕು ಎಷ್ಟು ಅಗಲ ಹರಡುತ್ತದೆ, ಒಳಗೆ ನೀರು ಇಳಿಯುತ್ತದೋ ಇಲ್ಲವೋ, ನಿಮ್ಮ ಅಂಗಳದ ಮಣ್ಣು ಎಂಥದು ಎಂಬುದು ಮೊದಲು ಗೊತ್ತಾಗಬೇಕು. ಆಮೇಲೆ ವ್ಯಾಟ್ ತಾನಾಗಿಯೇ ತೀರ್ಮಾನವಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಅಂಗಳಕ್ಕೆಲ್ಲ ಬೆಳಕು ಚೆಲ್ಲುವ ಫ್ಲಡ್‌ಲೈಟ್ ಬಗ್ಗೆ ಅಲ್ಲ. ಗಾಡಿ ನಿಲ್ಲಿಸುವುದಕ್ಕೆ, ಕಾವಲಿಗೆ ಅದು ಸರಿ. ಒಂದು ಕಲ್ಲಿನ ಗೋಡೆ, ಒಂದು ಕಂಬ, ಒಂದು ತೆಂಗಿನ ಮರ, ಇಂಥದ್ದನ್ನು ಕತ್ತಲಲ್ಲಿ ಎತ್ತಿ ತೋರಿಸುವ ಸಣ್ಣ ಲೈಟುಗಳ ಆಯ್ಕೆ ನಮ್ಮ ವಿಷಯ. ಸುತ್ತ ಕತ್ತಲು ಇದ್ದರೇ ಇವುಗಳಿಗೆ ಬೆಲೆ. ಗೇಟಿನ ಮೇಲೆ 50 ವ್ಯಾಟಿನ ಫ್ಲಡ್‌ಲೈಟ್ ಉರಿಯುತ್ತಿದ್ದರೆ ಪಕ್ಕದ ಗೋಡೆಗೆ ಎಂಥ ಚೆಂದದ ಸ್ಪಾಟ್‌ಲೈಟ್ ಹಾಕಿದರೂ ಕಾಣುವುದಿಲ್ಲ. ದುಡ್ಡು ಸುಮ್ನೆ ಹೋಗುತ್ತದೆ.

ಕಿರಿದು, ಮಧ್ಯಮ, ಅಗಲ

ಪೆಟ್ಟಿಗೆಯ ಮೇಲೆ ಬೀಮ್ ಆ್ಯಂಗಲ್, ಅಂದರೆ ಬೆಳಕು ಹರಡುವ ಕೋನ, ಎಷ್ಟು ಎಂದು ಬರೆದಿರುತ್ತದೆ. ಬರೆದಿಲ್ಲದಿದ್ದರೆ ಆ ಲೈಟನ್ನು ಅಲ್ಲೇ ಬಿಡಿ. ಹೆಚ್ಚಾಗಿ ಸಿಗುವುದು 15, 24, 36 ಮತ್ತು 60 ಡಿಗ್ರಿ. ಲೈಟಿನಿಂದ 3 ಮೀಟರ್ ದೂರದಲ್ಲಿ, ಅಂದರೆ ಸುಮಾರು 10 ಅಡಿಗೆ, 15 ಡಿಗ್ರಿಯ ಬೆಳಕು 80 ಸೆಂಟಿಮೀಟರ್ ಅಗಲದ ವೃತ್ತ ಮಾಡುತ್ತದೆ. 24 ಡಿಗ್ರಿಯದು ಹತ್ತಿರ ಹತ್ತಿರ 1.3 ಮೀಟರ್. 36 ಡಿಗ್ರಿಯದು 2 ಮೀಟರ್. 60 ಡಿಗ್ರಿ ಆದರೆ ಮೂರೂವರೆ ಮೀಟರ್. ದೂರ ಎರಡು ಪಟ್ಟಾದರೆ ವೃತ್ತದ ಅಗಲವೂ ಎರಡು ಪಟ್ಟಾಗುತ್ತದೆ, ಆದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ.

ವ್ಯಾಟಿನ ಮೋಹ ಬಿಡಿ ಎಂದು ಹೇಳುವುದು ಇದಕ್ಕೇ. ಅಷ್ಟೇ ಬೆಳಕನ್ನು 60 ಡಿಗ್ರಿಗೆ ಹರಡುವ ಬದಲು 15 ಡಿಗ್ರಿಯೊಳಗೆ ಕೂಡಿಹಾಕಿದರೆ ನಡುಮಧ್ಯದ ತೀಕ್ಷ್ಣತೆ ಹತ್ತು ಪಟ್ಟಿಗೂ ಜಾಸ್ತಿ ಆಗುತ್ತದೆ. ತೆಂಗಿನ ಮರದ ಗರಿಯನ್ನು 15 ಡಿಗ್ರಿಯ 5 ವ್ಯಾಟಿನ ಲೈಟ್ ಮುಟ್ಟುವಷ್ಟು ಚೆನ್ನಾಗಿ 60 ಡಿಗ್ರಿಯ 20 ವ್ಯಾಟಿನದು ಮುಟ್ಟುವುದಿಲ್ಲ. ಅದರ ಬೆಳಕಿನ ಬಹುಪಾಲು ಮರದ ಆಚೀಚೆ ಆಕಾಶಕ್ಕೆ ಹೋಗುತ್ತದೆ.

ಎರಡು ಅಂತಸ್ತಿನ ಮನೆಯ ಮುಂದಿನ ಕಂಬಕ್ಕೆ 15 ಡಿಗ್ರಿ ಸಾಕು. ಕಲ್ಲು ಹಚ್ಚಿದ ಗೋಡೆಯ ಒಂದು ಪಟ್ಟಿಗೆ 24 ಅಥವಾ 36. ಬಾಗಿಲ ಪಕ್ಕದ ಅಗಲವಾದ ಖಾಲಿ ಗೋಡೆ, ದಟ್ಟವಾದ ಮಾವಿನ ಮರ, ಇವಕ್ಕೆ 60. ಲೆನ್ಸ್ ಇಲ್ಲದೆ ಬರೀ ಗಾಜಿನ ಹಿಂದೆ ಹಳದಿ ಚುಕ್ಕಿಗಳು ಸಾಲಾಗಿ ಕಾಣುವ ಚಪ್ಪಟೆ ಲೈಟುಗಳಿವೆಯಲ್ಲ, ಅವು 120 ಡಿಗ್ರಿಯಷ್ಟು ಹರಡುತ್ತವೆ. ಈ ಕೆಲಸಕ್ಕೆ ಅವು ಬೇಡವೇ ಬೇಡ.

ಗೋಡೆ ಎಂಥದು?

ಗೋಡೆಗೆ ಬೆಳಕು ಹಾಕುವುದರಲ್ಲಿ ಎರಡು ದಾರಿ. ಲೈಟನ್ನು ಗೋಡೆಗೆ ತೀರಾ ಹತ್ತಿರ, ಒಂದು ಗೇಣಿನಷ್ಟು ದೂರದಲ್ಲಿಟ್ಟು ಮೇಲಕ್ಕೆ ಸವರಿದ ಹಾಗೆ ಬಿಡುವುದು ಒಂದು. ಗೋಡೆಯ ಎತ್ತರದ ಮೂರನೇ ಒಂದು ಭಾಗದಷ್ಟು ದೂರ ಸರಿದು ನಿಂತು ಗೋಡೆಯನ್ನು ಸಮನಾಗಿ ತುಂಬುವುದು ಇನ್ನೊಂದು.

ಮೊದಲನೆಯದು ಏನು ಮಾಡುತ್ತದೆ ಎಂದು ನೋಡಬೇಕೆಂದರೆ ಗದಗದ ಹತ್ತಿರದ ಲಕ್ಕುಂಡಿಗೆ ಹೋಗಿ. ಕಾಶಿವಿಶ್ವೇಶ್ವರ ಗುಡಿಯ ಕೆತ್ತನೆ ನಡುಮಧ್ಯಾಹ್ನದ ಬಿಸಿಲಿನಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ಸಂಜೆ ಬಿಸಿಲು ಓರೆಯಾಗಿ ಗೋಡೆಯನ್ನು ಸವರುವಾಗ ಪ್ರತಿ ಬಳ್ಳಿ, ಪ್ರತಿ ಮೂರ್ತಿ ತನ್ನದೇ ನೆರಳಿನ ಮೇಲೆ ಎದ್ದು ನಿಲ್ಲುತ್ತದೆ. ಕಲ್ಲು ಅದೇ, ಬೆಳಕಿನ ದಿಕ್ಕು ಮಾತ್ರ ಬೇರೆ. ನಿಮ್ಮ ಮನೆಯ ಮುಂದೆ ಬಾದಾಮಿ ಕಡೆಯ ಮರಳುಗಲ್ಲು ಅಥವಾ ಉಬ್ಬುತಗ್ಗಿನ ಯಾವುದಾದರೂ ಕ್ಲ್ಯಾಡಿಂಗ್ ಹಚ್ಚಿಸಿದ್ದರೆ ಈ ಓರೆ ಬೆಳಕೇ ಸರಿ. ಅಷ್ಟು ದುಡ್ಡು ಕೊಟ್ಟು ಹಚ್ಚಿಸಿದ ಕಲ್ಲಿಗೆ ಎದುರಿನಿಂದ ಬೆಳಕು ಬಿಟ್ಟು ಚಪ್ಪಟೆ ಮಾಡುವುದು ಯಾಕೆ?

ಆದರೆ ಗಿಲಾಯಿ ಮಾಡಿ ಬಣ್ಣ ಹೊಡೆದ ನುಣುಪು ಗೋಡೆಗೆ ಇದನ್ನು ಮಾಡಲೇಬೇಡಿ. ಹಗಲಲ್ಲಿ ಕಣ್ಣಿಗೆ ಬೀಳದ ಏರುಪೇರು, ಪ್ಯಾಚ್ ಹಾಕಿದ ಜಾಗ, ಕೂದಲೆಳೆಯ ಬಿರುಕು ಎಲ್ಲವೂ ರಾತ್ರಿ ಎದ್ದು ಕಾಣುತ್ತವೆ. ಮೇಸ್ತ್ರಿ ಮೇಲೆ ಸಿಟ್ಟು ಬರುವುದು ಬಿಟ್ಟರೆ ಬೇರೆ ಲಾಭವಿಲ್ಲ. ಅಂಥ ಗೋಡೆಗೆ ದೂರದಿಂದ ತುಂಬುವ ಬೆಳಕು ಬೇಕು.

ಗೋಡೆಯ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಬಿಳಿ ಅಥವಾ ಕೆನೆ ಬಣ್ಣದ ಗೋಡೆ ಬಿದ್ದ ಬೆಳಕಿನ ಮುಕ್ಕಾಲು ಪಾಲನ್ನು ವಾಪಸ್ ಕೊಡುತ್ತದೆ. ಕೆಂಪು ಇಟ್ಟಿಗೆ, ಕಪ್ಪು ಕಲ್ಲು ಅದರ ಮೂರನೇ ಒಂದು ಭಾಗವನ್ನೂ ಕೊಡುವುದು ಕಷ್ಟ. ಹಾಗಾಗಿ ಬಿಳಿ ಗೋಡೆಗೆ 5 ವ್ಯಾಟ್ ಸಾಕಾದ ಕಡೆ ಕಪ್ಪು ಕಲ್ಲಿಗೆ 15 ಬೇಕಾಗಬಹುದು. ಪಾಲಿಶ್ ಮಾಡಿದ ಗ್ರ್ಯಾನೈಟ್ ಕಂಬಕ್ಕೆ ಲೈಟ್ ಬಿಟ್ಟರೆ ಕಂಬ ಕಾಣುವುದಿಲ್ಲ, ಅದರೊಳಗೆ ಲೈಟಿನ ಪ್ರತಿಬಿಂಬ ಕಾಣುತ್ತದೆ.

ಹುಬ್ಬಳ್ಳಿ-ಧಾರವಾಡ ರಸ್ತೆಯ ಎರಡೂ ಬದಿ ಈಗ ಗಾಜಿನ ಮುಖದ ವಾಣಿಜ್ಯ ಕಟ್ಟಡಗಳು ಜಾಸ್ತಿ ಆಗಿವೆ. ಅಂಥ ಕಟ್ಟಡದ ಮಾಲೀಕರು ಕೆಳಗಿನಿಂದ ದೊಡ್ಡ ಲೈಟ್ ಬಿಟ್ಟು ಗಾಜನ್ನು ಬೆಳಗಿಸಲು ನೋಡುತ್ತಾರೆ. ಗಾಜು ಬೆಳಗುವುದಿಲ್ಲ. ಬೆಳಕು ಒಂದೋ ಒಳಗೆ ಹೋಗುತ್ತದೆ, ಇಲ್ಲವೇ ಜಾರಿ ಮೇಲಕ್ಕೆ ಹೋಗುತ್ತದೆ. ಗಾಜಿನ ನಡುವಿನ ಕಂಬ, ಸಜ್ಜಾ, ಪ್ಯಾರಪೆಟ್ ಇವನ್ನು ಬೆಳಗಿಸಿ, ಗಾಜಿನ ಒಳಗಡೆ ಒಂದೆರಡು ದೀಪ ಹಾಗೇ ಬಿಟ್ಟರೆ ಕಟ್ಟಡದ ಆಕಾರ ತಾನಾಗಿ ಕಾಣುತ್ತದೆ.

ಬೆಳಕಿನ ಬಣ್ಣ

ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ: ಅಂಕೆ ಕಡಿಮೆಯಾದಷ್ಟು ಹಳದಿ, ಜಾಸ್ತಿಯಾದಷ್ಟು ನೀಲಿ ಛಾಯೆಯ ಬಿಳಿ. 6500 ಕೆಲ್ವಿನ್‌ನ ಕೂಲ್ ವೈಟ್ ಮನೆಯ ಹೊರಗೋಡೆಗೆ ಬೇಡ. ಕಲ್ಲು, ಹಂಚು, ಇಟ್ಟಿಗೆ ಎಲ್ಲವೂ ಅದರಲ್ಲಿ ಬೂದಿ ಬಳಿದ ಹಾಗೆ ಆಗುತ್ತವೆ. ಧಾರವಾಡದ ಮಾಳಮಡ್ಡಿಯಲ್ಲಿ ಉಳಿದಿರುವಂಥ ಕೆಂಪು ಹಂಚಿನ ಹಳೆಯ ಮನೆಗಳಿಗೆ 2700 ಕೆಲ್ವಿನ್ ಒಪ್ಪುತ್ತದೆ. ಹೊಸ ಮನೆಗಳ ಕಲ್ಲು, ಮರದ ಬಣ್ಣದ ಪಟ್ಟಿ, ಕೆನೆ ಗೋಡೆಗೆ 3000. ಗಿಡಮರದ ಹಸಿರು ಹಸಿರಾಗಿಯೇ ಕಾಣಬೇಕೆಂದರೆ 4000, ಅಂದರೆ ಅಂಗಡಿಯವರು ನ್ಯಾಚುರಲ್ ವೈಟ್ ಎನ್ನುವುದು. ಒಂದೇ ಗೋಡೆಗೆ ಎರಡು ಬಗೆ ಬೆರೆಸಬೇಡಿ. ಒಂದೇ ಕಂಪನಿಯದು, ಒಂದೇ ಸಲಕ್ಕೆ ತನ್ನಿ. ಬೇರೆ ಬೇರೆ ಬ್ಯಾಚಿನ 3000 ಕೆಲ್ವಿನ್ ಲೈಟುಗಳಲ್ಲೂ ಸಣ್ಣ ವ್ಯತ್ಯಾಸ ಇರುತ್ತದೆ, ಅಕ್ಕಪಕ್ಕ ಹಾಕಿದಾಗ ಗೊತ್ತಾಗುತ್ತದೆ.

ಹುಳದ ವಿಷಯದಲ್ಲೂ ವಾರ್ಮ್ ವೈಟ್, ಅಂದರೆ 2700, 3000ದ ಹಳದಿ ಬೆಳಕು, ಮೇಲು. ನೀಲಿ ಅಂಶ ಜಾಸ್ತಿ ಇರುವ ಬೆಳಕಿಗೆ ಹುಳಗಳು ಹೆಚ್ಚು ಮುತ್ತುತ್ತವೆ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಗೆದ್ದಲು ಏಳುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ವಾರ್ಮ್ ಹಾಕಿದರೆ ಹುಳ ಬರುವುದೇ ಇಲ್ಲ ಎಂದಲ್ಲ. ಕಡಿಮೆ ಬರುತ್ತವೆ, ಅಷ್ಟೇ.

ಬಣ್ಣ ಬದಲಾಗುವ ಆರ್‌ಜಿಬಿ ಲೈಟ್? ದೀಪಾವಳಿಗೆ, ಮನೆಯಲ್ಲಿ ಮದುವೆಯಿದ್ದಾಗ ಚೆಂದ. ವರ್ಷವಿಡೀ ನೇರಳೆ ಗೋಡೆ ಯಾರಿಗೂ ಬೇಡ. ಅದೇ ದುಡ್ಡಿನಲ್ಲಿ ಒಂದೇ ಬಣ್ಣದ ಒಳ್ಳೆಯ ಲೈಟ್ ಬರುತ್ತದೆ.

ಸಿಆರ್‌ಐ ಎಂಬ ಇನ್ನೊಂದು ಅಂಕೆ ಇದೆ. ವಸ್ತುವಿನ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದರ ಅಳತೆ. 80 ಇದ್ದರೆ ಸಾಕು. ಹೂವಿನ ಗಿಡಗಳಿಗೆ 90 ಸಿಕ್ಕರೆ ತಗೊಳ್ಳಿ.

ಧಾರವಾಡದ ಮಳೆ, ಗದಗಿನ ಧೂಳು

ಐಪಿ 65, ಐಪಿ 67 ಎಂದು ಬರೆದಿರುವುದರಲ್ಲಿ ಮೊದಲ ಅಂಕೆ ಧೂಳಿನದು, ಎರಡನೆಯದು ನೀರಿನದು. 6 ಎಂದರೆ ಧೂಳು ಒಳಗೆ ಹೋಗುವುದೇ ಇಲ್ಲ. ನೀರಿಗೆ 5 ಇದ್ದರೆ ಪೈಪಿನಿಂದ ಬಿಟ್ಟ ನೀರನ್ನು ತಡೆಯುತ್ತದೆ, 6 ಇದ್ದರೆ ಇನ್ನೂ ಜೋರಾದ ಧಾರೆಯನ್ನು. 7 ಎಂದರೆ 1 ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. 67 ದೊಡ್ಡ ಅಂಕೆ, ಆದ್ದರಿಂದ 66ಕ್ಕಿಂತ ಮೇಲು ಎಂದು ತಿಳಿಯಬೇಡಿ. ಎರಡೂ ಬೇರೆ ಬೇರೆ ಪರೀಕ್ಷೆ. ಮುಳುಗಿದರೆ ತಡೆಯುವ ಲೈಟ್ ರಭಸದ ಧಾರೆಗೆ ಪಾಸಾಗಿರಬೇಕೆಂದೇನಿಲ್ಲ. ಗೋಡೆಯ ಮೇಲೆ, ನೆಲಕ್ಕೆ ಚುಚ್ಚುವ ಸ್ಪೈಕ್ ಮೇಲೆ ನಿಲ್ಲುವ ಲೈಟಿಗೆ 66 ಕೇಳಿ. ನೆಲದೊಳಗೆ ಹೂಳುವುದಕ್ಕೆ 67. ಸಜ್ಜಾದ ಕೆಳಗೆ ಕೆಳಮುಖವಾಗಿ ಹಾಕುವುದಕ್ಕೆ 65 ಧಾರಾಳವಾಯಿತು.

ಮೇಲ್ಮುಖದ ಲೈಟಿಗೆ ಕಷ್ಟ ಜಾಸ್ತಿ. ಗಾಜಿನ ಮೇಲೆ ನೀರು ನಿಲ್ಲುತ್ತದೆ, ಎಲೆ ಬೀಳುತ್ತದೆ. ಗದಗದ ಕಡೆ ಗಾಳಿ ಮತ್ತು ಧೂಳು ಜಾಸ್ತಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ. ಅಲ್ಲಿ ಮೇಲ್ಮುಖದ ಲೈಟಿನ ಗಾಜನ್ನು ಬೇಸಿಗೆಯಲ್ಲಿ ಒರೆಸದೆ ಬಿಟ್ಟರೆ ಬೆಳಕು ಮಂಕಾಗುತ್ತದೆ. ಧಾರವಾಡದ ಕಷ್ಟ ಬೇರೆ. ಜುಲೈ, ಆಗಸ್ಟಿನ ಜಿಟಿಜಿಟಿ ಮಳೆ ದಿನಗಟ್ಟಲೆ ಬಿಡುವುದಿಲ್ಲ. ರಾತ್ರಿ ಉರಿದು ಬಿಸಿಯಾದ ಲೈಟಿನ ಮೇಲೆ ತಣ್ಣನೆಯ ಮಳೆ ಬಿದ್ದಾಗ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನದನ್ನು ಎಳೆದುಕೊಳ್ಳುತ್ತದೆ. ಗಾಜಿನ ಸುತ್ತ ಗ್ಯಾಸ್ಕೆಟ್ ಚೆನ್ನಾಗಿದ್ದರೆ ಆ ಎಳೆತ ವೈರಿನ ಕಡೆಯಿಂದ ಆಗುತ್ತದೆ. ವೈರಿನ ಎಳೆಗಳ ನಡುವಿನಿಂದಲೇ ತೇವ ಏರಿ ಒಳಗೆ ಬರುತ್ತದೆ. ಗಾಜಿನ ಒಳಗೆ ಮಂಜು ಕಟ್ಟಿರುವ ಲೈಟುಗಳನ್ನು ನೋಡಿರುತ್ತೀರಿ, ಹೆಚ್ಚಿನವುಗಳ ಕಥೆ ಇದೇ.

ಆದ್ದರಿಂದ ಲೈಟ್ ಎಷ್ಟು ಒಳ್ಳೆಯದಾದರೂ ಜೋಡಣೆ ಕೆಟ್ಟರೆ ಮುಗಿಯಿತು. ವೈರನ್ನು ತಿರುಚಿ ಇನ್ಸುಲೇಶನ್ ಟೇಪ್ ಸುತ್ತಿ ಮಣ್ಣು ಮುಚ್ಚುವ ಇಲೆಕ್ಟ್ರಿಶಿಯನ್‌ಗೆ ನಿಮ್ಮ ಗಾರ್ಡನ್ ಕೊಡಬೇಡಿ. ಜೆಲ್ ತುಂಬಿದ ಅಥವಾ ನೀರಲ್ಲಿ ಮುಳುಗಿಯೇ ಇದ್ದರೂ ತಡೆಯುವ ಐಪಿ 68 ಕನೆಕ್ಟರ್ ಹಾಕಿಸಿ, ಜಂಕ್ಷನ್ ಬಾಕ್ಸ್ ನೆಲದಿಂದ ಮೇಲೆ ಇರಲಿ. ಲೈಟಿಗೆ ವೈರ್ ಹೋಗುವ ಮುಂಚೆ ಅದು ಕೆಳಗೆ ಒಂದು ಬಾಗು ಬಾಗಿ ಏರಲಿ. ಹನಿ ಆ ಬಾಗಿನಲ್ಲಿ ತೊಟ್ಟಿಕ್ಕುತ್ತದೆ, ಲೈಟಿನೊಳಗೆ ಹೋಗುವುದಿಲ್ಲ.

230 ವೋಲ್ಟ್, 24 ವೋಲ್ಟ್, ಸೋಲಾರ್

ಗೋಡೆಗೆ ಹತ್ತಿಸುವ ಲೈಟುಗಳಿಗೆ ನೇರ 230 ವೋಲ್ಟ್ ಸುಲಭ. ಮನೆಯ ವೈರಿಂಗ್‌ನಿಂದಲೇ ಪಾಯಿಂಟ್ ಸಿಗುತ್ತದೆ. ಮನೆ ಕಟ್ಟುವಾಗಲೇ ಎಲಿವೇಶನ್‌ಗೆ ಬೇಕಾದ ಪೈಪ್ ಹಾಕಿಸಿಬಿಟ್ಟರೆ ಆಮೇಲೆ ಗೋಡೆ ಕೊರೆಯುವ ತಾಪತ್ರಯವಿಲ್ಲ.

ಗಾರ್ಡನ್ ಮಾತು ಬೇರೆ. ಅಲ್ಲಿ ಸಲಿಕೆ ಆಡುತ್ತದೆ, ಮಕ್ಕಳು ಬರಿಗಾಲಲ್ಲಿ ಓಡುತ್ತಾರೆ, ನೀರು ನಿಂತಿರುತ್ತದೆ, ಹೆಗ್ಗಣ ವೈರ್ ಕಡಿಯುತ್ತದೆ. 230 ವೋಲ್ಟ್ ಹಾಕುವುದೇ ಆದರೆ ಲೋಹದ ಕವಚವಿರುವ ಆರ್ಮರ್ಡ್ ಕೇಬಲ್ ಬೇಕು, ಎರಡು ಅಡಿಯಷ್ಟು ಆಳ ಬೇಕು, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆ್ಯಂಪಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಬೇಕೇ ಬೇಕು. ಇಷ್ಟೆಲ್ಲದರ ಖರ್ಚು ಸೇರಿಸಿದರೆ 24 ವೋಲ್ಟಿನ ಡಿಸಿ ವ್ಯವಸ್ಥೆ ದುಬಾರಿ ಅನ್ನಿಸುವುದಿಲ್ಲ. ಮನೆಯ ಗೋಡೆಯ ಮೇಲೆ 230 ವೋಲ್ಟನ್ನು 24ಕ್ಕೆ ಇಳಿಸುವ ಒಂದು ಎಸ್‌ಎಂಪಿಎಸ್ ಡಬ್ಬಿ, ಅಲ್ಲಿಂದ ಗಿಡಗಳ ಕಡೆ ಕಡಿಮೆ ವೋಲ್ಟೇಜಿನ ಕೇಬಲ್. ಸಲಿಕೆ ತಾಗಿದರೂ ಜೀವಕ್ಕೆ ಅಪಾಯವಿಲ್ಲ. ಎಸ್‌ಎಂಪಿಎಸ್‌ಗೆ ಹೋಗುವ 230 ವೋಲ್ಟಿಗೆ ಮಾತ್ರ ಆರ್‌ಸಿಸಿಬಿ ಇಲ್ಲಿಯೂ ಇರಲಿ.

12 ವೋಲ್ಟಿನದೂ ಸಿಗುತ್ತದೆ, ಇನ್ನೂ ಅಗ್ಗ. ಆದರೆ ದೂರದ ಲೆಕ್ಕ ನೋಡಿ. ಒಟ್ಟು 60 ವ್ಯಾಟಿನ ಲೈಟುಗಳು, 20 ಮೀಟರ್ ದೂರ, 1.5 ಚದರ ಮಿಲಿಮೀಟರಿನ ತಾಮ್ರದ ವೈರ್. 12 ವೋಲ್ಟಿನಲ್ಲಿ ಹರಿಯುವುದು 5 ಆ್ಯಂಪ್, ದಾರಿಯಲ್ಲೇ ಹತ್ತಿರ ಹತ್ತಿರ ಎರಡೂವರೆ ವೋಲ್ಟ್ ಕಳೆದುಹೋಗುತ್ತದೆ. ಐದರಲ್ಲಿ ಒಂದು ಪಾಲು! ಕೊನೆಯ ಲೈಟ್ ಮಂಕಾಗುತ್ತದೆ. ಅದೇ 24 ವೋಲ್ಟಿನಲ್ಲಿ ಆ್ಯಂಪ್ ಅರ್ಧ, ನಷ್ಟ ಶೇ. 5ರ ಆಸುಪಾಸು. ಪುಟ್ಟ ಅಂಗಳಕ್ಕೆ 12 ನಡೆಯುತ್ತದೆ. ತೋಟದ ಮನೆ, ಲೇಔಟಿನ ದೊಡ್ಡ ಸೈಟು ಅಂದರೆ 24.

ಇನ್ನು ಸೋಲಾರ್. ಆನ್‌ಲೈನಿನಲ್ಲಿ ನೋಡಿದಾಗ ಇದರಷ್ಟು ಸುಲಭ ಯಾವುದೂ ಇಲ್ಲ ಅನ್ನಿಸುತ್ತದೆ, ಅಲ್ವಾ? ವೈರ್ ಬೇಡ, ಬಿಲ್ ಇಲ್ಲ, ಚುಚ್ಚಿದರೆ ಮುಗಿಯಿತು. ಪೆಟ್ಟಿಗೆಯ ಮೇಲೆ 100 ವ್ಯಾಟ್ ಎಂದೂ ಬರೆದಿರುತ್ತದೆ. ಒಳಗಿನ ಬ್ಯಾಟರಿಯ ವಿವರ ಓದಿ. 3.2 ವೋಲ್ಟ್, 2000 ಮಿಲಿಆ್ಯಂಪ್-ಅವರ್ ಎಂದಿದ್ದರೆ ಅದರಲ್ಲಿ ಹಿಡಿಯುವುದು 6.4 ವ್ಯಾಟ್-ಅವರ್. ಅಂದರೆ 1 ವ್ಯಾಟಿನ ಲೈಟನ್ನು ಆರು ಗಂಟೆ ಉರಿಸಬಹುದು. 100 ವ್ಯಾಟ್ ಉರಿಸಿದರೆ ನಾಲ್ಕು ನಿಮಿಷಕ್ಕೆ ಖಾಲಿ. ಸೋಲಾರಿನಲ್ಲಿ ವ್ಯಾಟ್ ನಂಬಬೇಡಿ, ಬ್ಯಾಟರಿ ನೋಡಿ.

ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲಿಗೆ ಬರವಿಲ್ಲ, ಸೋಲಾರ್ ಚೆನ್ನಾಗಿ ನಡೆಯುತ್ತದೆ. ಧಾರವಾಡ, ಕಲಘಟಗಿ, ಹಾನಗಲ್ ಕಡೆ ಮಳೆಗಾಲದ ಮೋಡದಲ್ಲಿ ರಾತ್ರಿ ಎಂಟಕ್ಕೇ ಕಣ್ಣು ಮುಚ್ಚುತ್ತದೆ. ಗದಗ, ಮುಂಡರಗಿ, ರೋಣದ ಕಡೆ ಮಳೆ ಕಡಿಮೆ, ಅಲ್ಲಿ ಪರವಾಗಿಲ್ಲ. ಎಲ್ಲಿಯೇ ಆಗಲಿ, ಮರದ ಕೆಳಗೆ ಚುಚ್ಚಿದ ಪ್ಯಾನೆಲ್‌ಗೆ ಬಿಸಿಲೇ ಸಿಗುವುದಿಲ್ಲ. ಮರಕ್ಕೆ ಬೆಳಕು ಹಾಕಲು ತಂದದ್ದನ್ನು ಮರದ ನೆರಳಿನಲ್ಲೇ ಇಡಬೇಕಾಗುತ್ತದೆ ಎಂಬುದು ಇದರ ತಮಾಷೆ. ಪ್ಯಾನೆಲ್ ಬೇರೆ, ಲೈಟ್ ಬೇರೆ ಇದ್ದು ನಡುವೆ ವೈರ್ ಇರುವ ಮಾದರಿ ತಗೊಂಡು, ಪ್ಯಾನೆಲ್ಲನ್ನು ದಕ್ಷಿಣಕ್ಕೆ ಮುಖ ಮಾಡಿ ಕಂಪೌಂಡ್ ಮೇಲೆ ಹಾಕಿದರೆ ಒಪ್ಪಬಹುದು. ಕರೆಂಟ್ ಎಳೆಯಲು ಆಗದ ಹೊಲದ ಗೇಟು, ದೂರದ ಕಂಪೌಂಡು, ಇಂಥಲ್ಲಿ ಸೋಲಾರ್ ಇರಲಿ. ಮನೆಯ ಮುಖಕ್ಕೆ ಬೇಡ.

ಬಿಲ್ಲಿಗೆ ಹೆದರಿ ಸೋಲಾರ್ ಕಡೆ ಹೋಗುವವರು ಈ ಲೆಕ್ಕ ಮಾಡಿ. 7 ವ್ಯಾಟಿನ ಆರು ಲೈಟ್, ದಿನಕ್ಕೆ 5 ಗಂಟೆ. ತಿಂಗಳಿಗೆ ಆರು ಯೂನಿಟ್ ಚಿಲ್ಲರೆ. ಹೆಸ್ಕಾಂ ಬಿಲ್ಲಿನಲ್ಲಿ ಅದು ಕಣ್ಣಿಗೆ ಬೀಳುವ ಮೊತ್ತವಲ್ಲ. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವವರು ಮಾತ್ರ ಸ್ವಲ್ಪ ಯೋಚಿಸಬೇಕು.

ಎರೆ ಮಣ್ಣು, ಮಸಾರಿ ಮಣ್ಣು

ಬೇರೆ ಊರಿನ ಸಲಹೆ ನಮ್ಮ ಕಡೆ ಕೈಕೊಡುವುದು ಇಲ್ಲಿ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣ, ಹುಬ್ಬಳ್ಳಿಯ ಪೂರ್ವದ ಬಡಾವಣೆಗಳು, ಎಲ್ಲ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನೆಲಕ್ಕೆ ಚುಚ್ಚಿದ ಸ್ಪೈಕ್ ಲೈಟ್ ಆ ಉಬ್ಬಿಗೆ ವಾಲುತ್ತದೆ. ಜೂನಿನಲ್ಲಿ ಗೋಡೆ ನೋಡುತ್ತಿದ್ದ ಲೈಟ್ ದಸರೆಯ ಹೊತ್ತಿಗೆ ರಸ್ತೆ ನೋಡುತ್ತಿರುತ್ತದೆ.

ನೆಲದೊಳಗೆ ಹೂಳುವ ಇನ್‌ಗ್ರೌಂಡ್ ಲೈಟ್ ಎರೆಯಲ್ಲಿ ನನ್ನ ಮಟ್ಟಿಗೆ ಬೇಡವೇ ಬೇಡ. ಫೋಟೋದಲ್ಲಿ ಎಲ್ಲಕ್ಕಿಂತ ಚೆಂದ ಕಾಣುವುದು ಅದೇ, ನಿಜ. ಲೈಟಿನ ದೇಹ ಕಾಣುವುದಿಲ್ಲ, ಬೆಳಕು ಮಾತ್ರ ಕಾಣುತ್ತದೆ. ಆದರೆ ಅದರ ಕೆಳಗೆ ಒಂದು ಅಡಿ ಜಲ್ಲಿ ತುಂಬಿ ನೀರು ಇಂಗಲು ದಾರಿ ಮಾಡಬೇಕು. ಎರೆ ಮಣ್ಣಿನಲ್ಲಿ ನೀರು ಇಂಗುವುದೇ ನಿಧಾನ, ಜಲ್ಲಿಯ ಗುಂಡಿಯೇ ಒಂದು ಸಣ್ಣ ಬಾವಿಯಾಗಿ ಲೈಟ್ ಅದರಲ್ಲಿ ನಿಂತಿರುತ್ತದೆ. ಐಪಿ 67 ಅರ್ಧ ಗಂಟೆಯ ಮಾತು, ಶ್ರಾವಣವಿಡೀ ಮುಳುಗಿರುವ ಮಾತಲ್ಲ. ಇದರ ಜೊತೆಗೆ ಉಬ್ಬುವ ಮಣ್ಣು ಡಬ್ಬಿಯನ್ನು ಒತ್ತುತ್ತದೆ, ಫರ್ಸಿ ಮಟ್ಟದಿಂದ ಮೇಲೆದ್ದು ಕಾಲಿಗೆ ಎಡವುತ್ತದೆ.

ಎರೆ ನೆಲದವರಿಗೆ ದಾರಿ ಎರಡು. ಒಂದು, ಲೈಟನ್ನು ಕಟ್ಟಡಕ್ಕೇ ಹತ್ತಿಸುವುದು: ಸಜ್ಜಾದ ಕೆಳಗಿನಿಂದ ಕೆಳಮುಖ, ಕಂಬಕ್ಕೆ ಅಪ್-ಡೌನ್, ಪ್ಯಾರಪೆಟ್ ಮೇಲಿಂದ ಗಿಡದ ಕಡೆ. ಇನ್ನೊಂದು, ಸ್ಪೈಕ್ ಕಿತ್ತುಹಾಕಿ, ಅದರ ಬದಲು ಬೇಸ್ ಪ್ಲೇಟ್ ಇರುವ ಲೈಟನ್ನು ಒಂದೂವರೆ ಅಡಿ ಆಳದ ಸಣ್ಣ ಕಾಂಕ್ರೀಟ್ ಗಟ್ಟಿಗೆ ಬೋಲ್ಟ್ ಮಾಡುವುದು. ಅದೂ ಸ್ವಲ್ಪ ಅಲುಗಾಡುತ್ತದೆ, ಆದರೆ ನಟ್ ಸಡಿಲಿಸಿ ತಲೆ ತಿರುಗಿಸಿದರೆ ಸರಿಹೋಗುತ್ತದೆ. ಕೇಬಲ್ಲನ್ನು ಬಿಗಿಯಾಗಿ ಎಳೆಯಬೇಡಿ. ಒಂದೆರಡು ಕಡೆ ಸಡಿಲ ಸುರುಳಿ ಬಿಡಿ, ಬಿರುಕು ಬಿಟ್ಟಾಗ ಜೋಡಣೆ ಕಿತ್ತು ಬರುವುದಿಲ್ಲ.

ಧಾರವಾಡದ ಪಶ್ಚಿಮ ಭಾಗ, ಕಲಘಟಗಿ, ಹಾನಗಲ್ ಕಡೆಯ ಕೆಂಪು ಮಸಾರಿಯಲ್ಲಿ ಈ ರಗಳೆ ಕಡಿಮೆ. ನೀರು ಇಳಿದು ಹೋಗುತ್ತದೆ, ಸ್ಪೈಕ್ ನೆಟ್ಟಗೆ ನಿಲ್ಲುತ್ತದೆ. ಅಲ್ಲಿ ಇನ್‌ಗ್ರೌಂಡ್ ಬೇಕೆನ್ನುವವರು ಹಾಕಿಸಬಹುದು. ಗಾಡಿ ಹೋಗುವ ದಾರಿಯಲ್ಲಾದರೆ ಐಕೆ 10 ಅಂಕೆಯದು ಕೇಳಿ, ಪೆಟ್ಟು ತಡೆಯುವ ಶಕ್ತಿಯ ಅಳತೆ ಅದು. ಧಾರವಾಡದಲ್ಲಿ ಮಂಗಗಳ ಕಾಟ ಇರುವ ಓಣಿಗಳಲ್ಲಿ ಪ್ಲಾಸ್ಟಿಕ್ ಕತ್ತಿನ ಸ್ಪೈಕ್ ಉಳಿಯುವುದಿಲ್ಲ.

ಮರ, ತುಳಸಿಕಟ್ಟೆ, ಗುಡಿ

ತೆಂಗು, ಅಡಿಕೆ: ಬುಡದಿಂದ ಒಂದು ಅಡಿ ದೂರದಲ್ಲಿ 15 ಡಿಗ್ರಿಯ ಒಂದೇ ಲೈಟ್. ಮಾವು, ಬೇವಿನಂಥ ಹರಡಿದ ಮರಕ್ಕೆ ಒಂದೇ ಕಡೆಯಿಂದ ಬಿಟ್ಟರೆ ಅರ್ಧ ಮರ ಕಾಣುತ್ತದೆ. ಎರಡು ಕಡೆಯಿಂದ ಅಗಲ ಕೋನದ ಲೈಟ್ ಬೇಕು, ಒಂದು ಸ್ವಲ್ಪ ಮಂದವಾಗಿದ್ದರೆ ಮರಕ್ಕೆ ಗಾತ್ರ ಬರುತ್ತದೆ. ಬೋಗನ್‌ವಿಲ್ಲಾ ಹಬ್ಬಿದ ಕಂಪೌಂಡಿಗೆ ಮೇಲಿನಿಂದ ಕೆಳಕ್ಕೆ. ತುಳಸಿಕಟ್ಟೆಗೆ 3 ವ್ಯಾಟ್, 2700 ಕೆಲ್ವಿನ್, ಪಕ್ಕದಿಂದ. ಅದಕ್ಕಿಂತ ಜಾಸ್ತಿಯಾದರೆ ಹಚ್ಚಿಟ್ಟ ದೀಪ ಮಂಕಾಗುತ್ತದೆ.

ಊರ ಗುಡಿಯ ಗೋಪುರಕ್ಕೆ, ಮಠದ ಮಹಾದ್ವಾರಕ್ಕೆ ಲೈಟ್ ಹಾಕಿಸುವ ಕಮಿಟಿಯವರೂ ಇದೇ ಪ್ರಶ್ನೆ ಕೇಳುತ್ತಾರೆ. ಗೋಪುರ ಮೆಟ್ಟಿಲು ಮೆಟ್ಟಿಲಾಗಿ ಏರುವ ಆಕಾರ. ಕೆಳಗಿನಿಂದ ಒಂದು ದೊಡ್ಡ ಲೈಟ್ ಬಿಟ್ಟರೆ ಮೊದಲ ಅಂತಸ್ತು ಬೆಳಗಿ, ಮೇಲಿನವು ಅದರ ನೆರಳಿನಲ್ಲಿ ಉಳಿಯುತ್ತವೆ. ಪ್ರತಿ ಅಂತಸ್ತಿನ ಅಂಚಿನಲ್ಲಿ ಚಿಕ್ಕ ಚಿಕ್ಕ ಲೈಟ್ ಇಟ್ಟರೆ ಬೊಂಬೆಗಳು ಕಾಣುತ್ತವೆ. ತುದಿಯ ಕಳಸಕ್ಕೆ ಮಾತ್ರ ದೂರದ ಕಟ್ಟಡದ ಮೇಲಿಂದ ಕಿರಿದಾದ ಒಂದು ಬೆಳಕು. ಆದರೆ ಹಳೆಯ ಸಂರಕ್ಷಿತ ಗುಡಿಗಳಲ್ಲಿ, ಲಕ್ಕುಂಡಿಯದೇ ಇರಲಿ, ಹಾವೇರಿಯ ಸಿದ್ಧೇಶ್ವರನದೇ ಇರಲಿ, ಒಂದು ಮೊಳೆ ಹೊಡೆಯಲೂ ಪುರಾತತ್ವ ಇಲಾಖೆಯ ಅನುಮತಿ ಬೇಕು. ಭಕ್ತಿಯಿಂದ ಕಲ್ಲಿಗೆ ಡ್ರಿಲ್ ಹಾಕಬೇಡಿ.

ಕಣ್ಣಿಗೆ ಹೊಡೆಯುವ ಬೆಳಕು

ಲೈಟಿನ ಮೂಲ ಕಣ್ಣಿಗೆ ಕಂಡರೆ ಗೋಡೆ ಕಾಣುವುದಿಲ್ಲ. ಗೇಟಿನಿಂದ ಬರುವವರು, ರಸ್ತೆಯಲ್ಲಿ ಬೈಕಿನಲ್ಲಿ ಹೋಗುವವರು, ಎದುರು ಮನೆಯ ಮಲಗುವ ಕೋಣೆ, ಈ ಮೂರೂ ಕಡೆಯಿಂದ ನೋಡಿ. ಟೋಪಿಯಂಥ ಮುಚ್ಚಳ ಅಥವಾ ಒಳಗೆ ಜೇನುಗೂಡಿನ ಜಾಲರಿ ಇರುವ ಮಾದರಿ ಸ್ವಲ್ಪ ದುಬಾರಿ, ಆದರೆ ನೆರೆಯವರ ಜೊತೆ ಜಗಳಕ್ಕಿಂತ ಅಗ್ಗ. ಬಂಕಾಪುರದ ನವಿಲುಧಾಮ, ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ, ಇವುಗಳ ಆಸುಪಾಸಿನ ತೋಟದ ಮನೆಯವರು ಮೇಲ್ಮುಖದ ಲೈಟ್ ಬಿಟ್ಟೇ ಬಿಡುವುದು ಒಳ್ಳೆಯದು. ಮಾಗಡಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ದೂರದಿಂದ ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್‌ಸಾರ್ ಪಟ್ಟಿಗೂ ಸೇರಿತು.

ಇಡೀ ರಾತ್ರಿ ಉರಿಯುವ ಅಗತ್ಯ ಯಾರಿಗೂ ಇಲ್ಲ. ನಮ್ಮ ಕಡೆ ಸೂರ್ಯ ಮುಳುಗುವ ಹೊತ್ತು ನವೆಂಬರಿನ 6 ಗಂಟೆಯಿಂದ ಜುಲೈಯ 7 ಗಂಟೆಯವರೆಗೆ ಓಡಾಡುತ್ತದೆ. ಹಾಗಾಗಿ ಬರೀ ಗಡಿಯಾರದ ಟೈಮರ್‌ಗಿಂತ ಕತ್ತಲನ್ನು ಗುರುತಿಸಿ ಹತ್ತುವ ಸೆನ್ಸರ್, ಜೊತೆಗೆ ಹತ್ತೂವರೆಗೆ ಆರಿಸುವ ಟೈಮರ್ ಅನುಕೂಲ.

ಅಂಗಡಿಯಲ್ಲಿ ಕೈಯಲ್ಲಿ ಹಿಡಿದಾಗ

ತೂಕ ನೋಡಿ. ಎರಕದ ಅಲ್ಯೂಮಿನಿಯಂ ದೇಹ ಭಾರ ಇರುತ್ತದೆ, ಬೆನ್ನಿನಲ್ಲಿ ಬಿಸಿ ಹೊರಹಾಕುವ ಗೀರುಗಳಿರುತ್ತವೆ. ಮುಂದೆ ಟಫನ್ಡ್ ಗಾಜು ಇರಲಿ. ಪ್ಲಾಸ್ಟಿಕ್ ಮುಖ ನಮ್ಮ ಬಿಸಿಲಿಗೆ ಹಳದಿಯಾಗುತ್ತದೆ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೋ ಎಂದು ಕೇಳಿ. ಬಿಐಎಸ್ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಪೆಟ್ಟಿಗೆಯ ಮೇಲಿದೆಯೋ ನೋಡಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಅಲ್ಲೇ ಪರೀಕ್ಷಿಸಬಹುದು.

50,000 ಗಂಟೆ ಬಾಳಿಕೆ ಎಂದು ಬರೆದಿರುತ್ತದೆ. ದಿನಕ್ಕೆ 5 ಗಂಟೆಯಂತೆ ಅದು 27 ವರ್ಷ! ಅಷ್ಟು ಬಾಳಬಹುದಾದದ್ದು ಎಲ್‌ಇಡಿ ಚಿಪ್. ಮೊದಲು ಹೋಗುವುದು ಡ್ರೈವರ್, ಅಂದರೆ ಲೈನಿನ ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಮಾಡಿಕೊಡುವ ಸರ್ಕ್ಯೂಟ್. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿನ ಅಡ್ಡಮಳೆಯಲ್ಲಿ ಲೈನಿನ ವೋಲ್ಟೇಜ್ ಜಿಗಿದಾಗ ಡಿಒಬಿ ಲೈಟುಗಳು, ಅಂದರೆ ಡ್ರೈವರ್ ಅದೇ ಪ್ಲೇಟಿನ ಮೇಲೆ ಕೂತಿರುವಂಥವು, ಒಂದೇ ಸಂಜೆಗೆ ಸಾಲಾಗಿ ಹೋಗುತ್ತವೆ. ಡ್ರೈವರ್ ಬೇರೆ ಇರುವ ಲೈಟಿಗೆ ಬೆಲೆ ಜಾಸ್ತಿ. ಆದರೆ ಕೆಟ್ಟಾಗ ಡ್ರೈವರ್ ಮಾತ್ರ ಬದಲಿಸಿದರೆ ಆಯಿತು. ಸರ್ಜ್ ತಡೆ 4 ಕಿಲೋವೋಲ್ಟ್ ಎಂದಿರುವುದನ್ನು ಆರಿಸಿ, ಮನೆಯ ಡಿಬಿಯಲ್ಲಿ, ಅಂದರೆ ಎಂಸಿಬಿಗಳಿರುವ ಡಬ್ಬಿಯಲ್ಲಿ, ಇಂಥ ಜಿಗಿತ ತಡೆಯುವ ಒಂದು ಎಸ್‌ಪಿಡಿ ಹಾಕಿಸಿದರೆ ಲೈಟಿನ ಜೊತೆ ಟಿವಿ, ಫ್ರಿಜ್ಜಿಗೂ ಒಳ್ಳೆಯದು.

ಸಣ್ಣ ಊರಿನವರಿಗೆ ಇನ್ನೊಂದು ಆಯ್ಕೆ ಇದೆ. ರಾಣೆಬೆನ್ನೂರು, ಹಿರೇಕೆರೂರು, ಮುಂಡರಗಿಯಲ್ಲಿ ಇಂಥದ್ದೇ ಕಂಪನಿಯ ಡ್ರೈವರ್ ಬೇಕೆಂದರೆ ವಾರಗಟ್ಟಲೆ ಕಾಯಬೇಕಾಗಬಹುದು. ಬಲ್ಬ್ ಬಿಚ್ಚಿ ಹಾಕುವಂಥ ಹೋಲ್ಡರ್ ಇರುವ ಹೊರಾಂಗಣ ಫಿಟಿಂಗ್, ಅದಕ್ಕೆ ಪಾರ್ ಅಥವಾ ಜಿಯು 10 ಎಂಬ ಬಗೆಯ ಎಲ್‌ಇಡಿ ಬಲ್ಬ್. ನೋಟ ಸ್ವಲ್ಪ ಹಳೆಯ ಕಾಲದ್ದು. ಆದರೆ ಬಲ್ಬ್ ನೀವೇ ಬದಲಿಸಬಹುದು, ಬೇಕೆಂದಾಗ 24 ಡಿಗ್ರಿಯ ಬದಲು 36 ಡಿಗ್ರಿಯ ಬಲ್ಬನ್ನೂ ಹಾಕಬಹುದು.

ಪೂರ್ತಿ ಆರ್ಡರ್ ಕೊಡುವ ಮೊದಲು ಅಂಗಡಿಯಿಂದ 15 ಮತ್ತು 36 ಡಿಗ್ರಿಯ ಒಂದೊಂದು ಲೈಟ್ ತಂದು, ಉದ್ದನೆಯ ವೈರ್ ಜೋಡಿಸಿ, ಕತ್ತಲಾದ ಮೇಲೆ ಮನೆಯವರೊಬ್ಬರ ಕೈಯಲ್ಲಿ ಹಿಡಿಸಿ. ನೀವು ರಸ್ತೆಯಾಚೆ ನಿಲ್ಲಿ. ಹತ್ತಿರ, ದೂರ, ಎಡಕ್ಕೆ, ಬಲಕ್ಕೆ ಸರಿಸುತ್ತಾ ನೋಡಿ. ಸರಿಯೆನಿಸಿದ ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕಿ, ಬೆಳಿಗ್ಗೆ ಇಲೆಕ್ಟ್ರಿಶಿಯನ್ ಬಂದಾಗ ಅಲ್ಲಿಯೇ ಪಾಯಿಂಟ್ ಕೊಡಿಸಿ. ಅಂಗಡಿಯವರು ಸ್ಯಾಂಪಲ್ ಕೊಡಲು ಒಪ್ಪದಿದ್ದರೆ ಒಂದನ್ನು ಕೊಂಡೇ ತನ್ನಿ, ಹೇಗೂ ಯಾವುದಾದರೂ ಗಿಡಕ್ಕೆ ಅದು ಬೇಕಾಗುತ್ತದೆ.